ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು

ಆ ದಿನ ಬೆಳಿಗ್ಗೆ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸುಗಳೆಲ್ಲ ಆಂಧ್ರದವು ಎಂದು ನಾನು ತಿಳಿದೆ. ಬೋರ್ಡಿನ ಮೇಲೆ ಇದ್ದವು ಅಕ್ಷರಗಳೇ, ಅದರಲ್ಲಿ ಅನುಮಾನವಿರಲಿಲ್ಲ. ದುಂಡಗಿದ್ದವು, ತಲೆಕಟ್ಟು ಇತ್ತು, ಕೊಂಬು ಒತ್ತು ಎಲ್ಲ ಇದ್ದವು. ಆದರೆ ಒಂದೂ ನನ್ನ ಗುರುತಿನದಲ್ಲ. ತೆಲುಗು ಇರಬೇಕು ಅಂದುಕೊಂಡೆ. ನಮ್ಮ ಬಸ್ ಸ್ಟ್ಯಾಂಡಿಗೆ ಹಿಂದೂಪುರ, ಮಡಕಶಿರಾ ಕಡೆಯ ಬಸ್ಸುಗಳು ಬರುವುದು ಹೊಸದೇನಲ್ಲ. ಒಂದು ಹೋಗಲಿ ಎಂದು ಬಿಟ್ಟೆ. ಅದರ ಹಿಂದಿನದೂ ತೆಲುಗು. ಅದರ ಹಿಂದಿನದೂ ತೆಲುಗು. ಇವತ್ತೇನು ಅವರದೇ ದರ್ಬಾರು ಎಂದು ಗೊಣಗಿಕೊಂಡು, ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನ್ನು ಕೇಳಿದೆ.

"ಗುಬ್ಬಿಗೆ ಯಾವುದಪ್ಪಾ ಬಸ್ಸು?"

"ಎದುರಿಗೇ ಬೋರ್ಡ್ ಐತಲ್ಲ ಮೇಡಂ, ಓದಕ್ ಬರಲ್ವಾ?"

ದಿನಾ ಎಷ್ಟೋ ಜನಕ್ಕೆ ಅವನು ಹೇಳುವ ಮಾತು ಅದು. ಬೇಸರಪಟ್ಟುಕೊಳ್ಳುವಂಥದ್ದೇನೂ ಅಲ್ಲ. ಆದರೆ ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಶಶಿಕಲಾ ಮೇಡಂ. ಮದುವೆಯಾಗಿ ತುಮಕೂರಿನ ಉಪ್ಪಾರಹಳ್ಳಿಗೆ ಬಂದ ಮೇಲೆ ಅದೇ ದಾರಿಯಲ್ಲಿ, ಅದೇ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಸೀಟು ಹಿಡಿದು ಓದುತ್ತಾ ಹೋಗಿಬಂದವಳು. ಬಸ್ಸಿನಲ್ಲಿ ಓದಿ ಮುಗಿಸಿದ ಪುಸ್ತಕಗಳನ್ನು ಒಟ್ಟಿದರೆ ನಮ್ಮ ಅಡುಗೆಮನೆಯ ಅಟ್ಟ ತುಂಬುತ್ತದೆ. ಅಂಥವಳಿಗೆ ಓದಲು ಬರುವುದಿಲ್ಲವೇ ಎಂದು ಕೇಳಿದ ಮೊದಲ ಮನುಷ್ಯ ಆ ಕಂಡಕ್ಟರು. ಅವನು ಸರಿಯಾಗಿಯೇ ಕೇಳಿದ್ದ ಎಂದು ತಿಳಿಯಲು ಆಮೇಲೆ ಬಹಳ ದಿನ ಬೇಕಾಯಿತು.

ಈ ಬರಹವನ್ನು ನಾನೇ ಕೈಯಾರೆ ಬರೆದಿದ್ದೇನೆ. ಆದರೆ ಓದಿ ನೋಡಿಲ್ಲ. ಓದಲು ಆಗುವುದಿಲ್ಲ. ಇದೆಂಥ ವಿಚಿತ್ರ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಇದೇ ಕಾಯಿಲೆಯಲ್ಲಿ ಎಲ್ಲೋ ಯಾರೋ ಒಬ್ಬರು ಬಸ್ ಬೋರ್ಡಿನ ಮುಂದೆ ನಿಂತು, ತನಗೆ ತಲೆ ಕೆಟ್ಟಿತೇನೋ ಎಂದು ಹೆದರುತ್ತಿರಬಹುದು. ಅವರ ಮನೆಯವರು ಯಾರಾದರೂ ಇದನ್ನು ಓದಿ ಹೇಳಲಿ ಎಂಬ ಒಂದೇ ಆಸೆಗೆ ಬರೆಯುತ್ತಿದ್ದೇನೆ.

ಅವತ್ತು ಬಸ್ಸು ಹತ್ತಿ ಪುಸ್ತಕ ತೆಗೆದೆ. ಅದರಲ್ಲೂ ತೆಲುಗು. ಹಿಂದಿನ ದಿನ ಮೂಲೆ ಮಡಿಚಿಟ್ಟಿದ್ದ ಪುಟವೇ ಅದು, ಕಥೆ ಎಲ್ಲಿಗೆ ನಿಂತಿತ್ತು ಎಂಬುದು ನೆನಪಿದೆ, ಆದರೆ ಸಾಲುಗಳು ಬಾಯಿ ಬಿಡಲೊಲ್ಲವು. ತಲೆ ಸ್ವಲ್ಪ ನೋಯುತ್ತಿತ್ತು. ನಿದ್ದೆ ಸಾಲದು ಅಂದುಕೊಂಡೆ. ಶಾಲೆಗೆ ಹೋಗಿ ಹಾಜರಿ ಪುಸ್ತಕ ತೆಗೆದರೆ ಹೆಸರುಗಳೇ ಇಲ್ಲ. ಮಕ್ಕಳ ಮುಖ ನೋಡಿ ಬಾಯಿಪಾಠವಾಗಿ ಕೂಗಿದೆ. ಬೋರ್ಡಿನ ಮೇಲೆ ಪಾಠದ ಹೆಸರು ಬರೆದೆ. ಸರಾಗವಾಗಿ ಬಂತು, ಎಂದಿನಂತೆ ದುಂಡಗೆ. ಹಿಂದೆ ಸರಿದು ನೋಡಿದೆ. ಏನು ಬರೆದೆ ಎಂದು ನನಗೆ ಗೊತ್ತಾಗಲಿಲ್ಲ.

"ಮೇಡಂ, ಆಮೇಲೆ?" ಎಂದಳು ಮುಂದಿನ ಬೆಂಚಿನ ಹುಡುಗಿ.

ಆಮೇಲೆ ಏನೂ ಇರಲಿಲ್ಲ. ಕುರ್ಚಿಯಲ್ಲಿ ಕುಳಿತುಬಿಟ್ಟೆ. ಹೆಡ್ ಮೇಡಂ ಬಂದು ನೋಡಿ, ಬಿಪಿ ಇರಬೇಕು, ಮನೆಗೆ ಹೋಗಿ ಮಲಗಿ ಎಂದರು. ಮಲಗಿದೆ. ಎದ್ದರೆ ಗೋಡೆಯ ಕ್ಯಾಲೆಂಡರೂ ತೆಲುಗು.

ಮನೆಯಲ್ಲಿ ಇರುವವರು ನಾಲ್ಕೇ ಜನ. ನಾನು, ನನ್ನ ಯಜಮಾನರು ಲೋಕೇಶ್, ಕಾಲೇಜಿಗೆ ಹೋಗುವ ಮಗಳು ಅನು, ನಮ್ಮತ್ತೆ. ನಾಲ್ಕು ಜನದ ಅಭಿಪ್ರಾಯ ನಾಲ್ಕು ದಿಕ್ಕಿಗೆ ಹೋಗುವ ಮನೆ ನಮ್ಮದು. ಆದರೆ ಈ ವಿಷಯದಲ್ಲಿ ಎಲ್ಲರೂ ಒಂದಾದರು: ಕನ್ನಡಕ ಬದಲಾಯಿಸಬೇಕು.

"ಓದೀ ಓದೀ ಕಣ್ಣು ಸವೆಸ್ಕೊಂಡ್ಲು," ಎಂದರು ಅತ್ತೆ. "ಬಸ್ಸಲ್ಲೂ ಓದೋದು, ಒಲೆ ಮುಂದೂ ಓದೋದು. ಎಷ್ಟು ಅಂತ ತಡ್ಕಂತವೆ ಕಣ್ಣು? ನಾನು ಹೇಳಿದ್ರೆ ಯಾರು ಕೇಳ್ತಾರೆ ಬುಡು."

ನನಗೂ ಅದೇ ನಂಬಿಕೆಯಾಗಿತ್ತು. ಓದುವವರಿಗೆ ಬರುವ ಕಾಯಿಲೆ ಎಂದರೆ ಕಣ್ಣಿನದೇ ಇರಬೇಕಲ್ಲವೇ? ಎಂ.ಜಿ. ರೋಡಿನ ಕನ್ನಡಕದ ಅಂಗಡಿಗೆ ಹೋದೆವು. ಅಂಗಡಿಯವನು ಅಕ್ಷರದ ಚಾರ್ಟ್ ತೋರಿಸಿ ಓದಿ ಎಂದ. ಕಾಣುತ್ತದೆ, ಓದಲು ಆಗುತ್ತಿಲ್ಲ ಎಂದೆ. ಕಾಣದೆ ಇರುವುದಕ್ಕೂ ಓದಲಾಗದೆ ಇರುವುದಕ್ಕೂ ಅವನ ಚಾರ್ಟಿನಲ್ಲಿ ವ್ಯತ್ಯಾಸವಿರಲಿಲ್ಲ. ಪವರ್ ಹೆಚ್ಚಿಸಿ ಕನ್ನಡಕ ಮಾಡಿಕೊಟ್ಟ. ಅದು ಬರುವ ತನಕ ಕಾದೆವು. ಆ ಕಾದ ದಿನಗಳು ಎಷ್ಟು ಬೆಲೆಬಾಳುವ ದಿನಗಳಾಗಿದ್ದವು ಎಂದು ಆಮೇಲೆ ಡಾಕ್ಟರು ಹೇಳಿದಾಗ, ಯಜಮಾನರು ಆಸ್ಪತ್ರೆಯ ಕಾರಿಡಾರಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು. ಅದನ್ನು ಈಗ ಕೆದಕಿ ಪ್ರಯೋಜನವಿಲ್ಲ. ಹೊಸ ಕನ್ನಡಕದಲ್ಲಿ ತೆಲುಗು ಇನ್ನೂ ದಪ್ಪಗೆ, ಇನ್ನೂ ಸ್ಪಷ್ಟವಾಗಿ ಕಂಡಿತು, ಅಷ್ಟೇ.

ಕಂಡುಹಿಡಿದವಳು ಅನು. ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. "ಅಮ್ಮ, ಯಾಕೆ ಪಲ್ಯ ಮುಟ್ಲೇ ಇಲ್ಲ?" ಎಂದಳು. ಪಲ್ಯ ಎಲ್ಲಿದೆ ಎಂದೆ. ಅವಳು ತಟ್ಟೆಯನ್ನು ತಿರುಗಿಸಿದಳು. ಬಲಗಡೆಯಿಂದ ಹುರುಳಿಕಾಯಿ ಪಲ್ಯ ಬಂದು ಎದುರಿಗೆ ನಿಂತಿತು. ಒಂದು ವಾರದಿಂದ ನನ್ನ ಬಲಭುಜ ಬಾಗಿಲಿಗೆ ತಾಗುತ್ತಲೇ ಇತ್ತು, ಯಾರೋ ಬಾಗಿಲನ್ನು ಒಂದು ಗೇಣು ಸರಿಸಿದ ಹಾಗೆ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಅನು ಎದ್ದು ಕೈ ತೊಳೆದು, "ಅಪ್ಪ, ಇದು ಕಣ್ಣಲ್ಲ. ಈಗ್ಲೇ ಆಸ್ಪತ್ರೆಗೆ ಹೊರಡಿ," ಎಂದಳು.

ಸ್ಕ್ಯಾನ್ ಆಯಿತು. ಮೆದುಳಿನ ಹಿಂಭಾಗದಲ್ಲಿ ಒಂದು ಚಿಕ್ಕ ರಕ್ತನಾಳ ಕಟ್ಟಿಕೊಂಡು, ಓದುವ ಜಾಗಕ್ಕೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಸ್ಟ್ರೋಕ್. ಮಾತಿಗೆ ಏನೂ ಆಗಿಲ್ಲ, ಕೈಕಾಲಿಗೆ ಏನೂ ಆಗಿಲ್ಲ, ಬರೆಯುವ ಶಕ್ತಿಯೂ ಹಾಗೇ ಇದೆ. ಹೋದದ್ದು ಓದು, ಜೊತೆಗೆ ಬಲಗಡೆಯ ನೋಟ.

"ವಾಪಸ್ ಬರುತ್ತಾ ಸರ್?" ಎಂದು ಕೇಳಿದೆ.

"ಅದೃಷ್ಟವಂತರು ನೀವು. ಇದಕ್ಕಿಂತ ದೊಡ್ಡದಾಗಬಹುದಿತ್ತು," ಎಂದರು ಅವರು.

ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಆ ಮಾತನ್ನು ಆಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದೆನೋ, ಲೆಕ್ಕವಿಲ್ಲ. ಸ್ಟ್ರೋಕ್ ಆಗಿದೆಯಂತೆ ಎಂದು ಸುದ್ದಿ ಹೋಗಿ, ನೆಂಟರು ಎಳನೀರು, ಬ್ರೆಡ್ಡು, ಮೂಸಂಬಿ ಹಿಡಿದು ಬಂದರು. ನಾನೇ ಎದ್ದು ಹೋಗಿ ಬಾಗಿಲು ತೆಗೆದರೆ ಅವರ ಮುಖ ನೋಡಬೇಕಿತ್ತು. ಬಾಯಿ ಸೊಟ್ಟಗಿಲ್ಲ, ಕೈ ಜೋತುಬಿದ್ದಿಲ್ಲ, ಕಾಫಿ ಬೇರೆ ಮಾಡಿಕೊಡುತ್ತಿದ್ದಾಳೆ. "ಚೆನ್ನಾಗೇ ಇದೀಯಲ್ಲವ್ವಾ!" ಎನ್ನುವಾಗ ಆ ದನಿಯಲ್ಲಿ ಸಮಾಧಾನ ಎಷ್ಟಿತ್ತೋ ನಿರಾಸೆಯೂ ಅಷ್ಟೇ ಇತ್ತು. ಕುಣಿಗಲ್ ಕಡೆಯ ನಮ್ಮೂರಿಂದ ಅಣ್ಣ ಗಂಗಾಧರ ಬಂದವನು ಕೂಡ ಒಂದು ಗಂಟೆ ಕೂತು, ತೆಂಗಿನ ರೋಗದ ವಿಷಯ ಮಾತಾಡಿ, "ಸದ್ಯ, ಏನೂ ಆಗ್ಲಿಲ್ವಲ್ಲ," ಎಂದು ಹೋದ. ಓದಲು ಬರುವುದಿಲ್ಲ ಎಂದು ಅವನಿಗೆ ನಾನು ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು. ಕಾಲು ಹೋಗಿದ್ದರೆ ಹೇಳುತ್ತಿದ್ದೆ.

ವಾರಕ್ಕೊಮ್ಮೆ ಥೆರಪಿಗೆ ಹೋಗಬೇಕಿತ್ತು. ಅಲ್ಲಿನ ಹಾಲ್ ನನಗೆ ಚೆನ್ನಾಗಿ ಪರಿಚಯ. ನೀಲಿ ಕುರ್ಚಿಗಳು, ಒಂದು ಫ್ಯಾನು, ಗೋಡೆಯಲ್ಲಿ ಟೋಕನ್ ನಂಬರು ತೋರಿಸುವ ಕೆಂಪು ದೀಪದ ಪೆಟ್ಟಿಗೆ. ಅಂಕಿಗಳೂ ನನಗೆ ಮೋಸ ಮಾಡುತ್ತಿದ್ದವು. ಮೊದಲ ಸಲ ಯಜಮಾನರು ಗಾಡಿ ನಿಲ್ಲಿಸಲು ಹೋದಾಗ, ಕೈಯಲ್ಲಿ ಚೀಟಿ ಹಿಡಿದು ಕೂತ ನಾನು ಪಕ್ಕದ ಹೆಂಗಸನ್ನು ಕೇಳಿದೆ, "ಈಗ ಎಷ್ಟನೇ ನಂಬರ್ ನಡೀತಿದೆ?"

"ನಂಗೆಲ್ಲಿ ಓದು ಬರ್ತದೆ ಕಣವ್ವ," ಎಂದರು ಆಕೆ. "ತಡಿ, ನಮ್ಮ ಯಜಮಾನ್ರನ್ನ ಕೇಳ್ತೀನಿ."

ಆಕೆ ಕೆಂಪಮ್ಮ, ಊರ್ಡಿಗೆರೆಯವರು. ಪಕ್ಕದಲ್ಲಿದ್ದ ಅವರ ಗಂಡ ಹನುಮಂತಯ್ಯನಿಗೂ ಸ್ಟ್ರೋಕ್ ಆಗಿ ನಾಲಗೆ ಬಿದ್ದುಹೋಗಿತ್ತು. ಮಾತಿಲ್ಲ, ಓದು ಇದೆ. ಅವರು ಪೆಟ್ಟಿಗೆ ನೋಡಿ, ನನ್ನ ಚೀಟಿ ನೋಡಿ, ಹೆಂಡತಿಯ ಅಂಗೈ ಮೇಲೆ ಬೆರಳಿಂದ ತಟ್ಟಿದರು. ಕೆಂಪಮ್ಮ ನನಗೆ ಹೇಳಿದರು, "ನಿಮ್ಮ ಮುಂದೆ ಇನ್ನೂ ಮೂರು ಜನ ಅವ್ರೆ. ಕೂತ್ಕಳಿ."

ಆಮೇಲೆ ಪ್ರತಿ ವಾರ ಹಾಗೇ ನಡೆಯಿತು. ಅವರು ಓದುತ್ತಿದ್ದರು, ಆಕೆ ಹೇಳುತ್ತಿದ್ದರು, ನಾನು ಎದ್ದು ಹೋಗುತ್ತಿದ್ದೆ. ಮೂರು ಜನ ಸೇರಿ ಒಂದು ಪೂರ್ತಿ ಮನುಷ್ಯರಾಗುತ್ತಿದ್ದೆವು. ಆ ಹಾಲಿನಲ್ಲಿ ನಗು ಬಂದದ್ದು ಅದೊಂದಕ್ಕೇ. ಕೆಂಪಮ್ಮ ಒಮ್ಮೆ ಕೇಳಿದರು, "ನಿಂಗೆ ಓದು ಹೋದ್ರೆ ಏನವ್ವಾ ಅಷ್ಟು ಸಂಕಟ? ನಾನು ಹುಟ್ದಾಗಿಂದ ಹಿಂಗೇ ಇದೀನಲ್ಲ." ಆಕೆ ಕುಹಕಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಉತ್ತರ ಹೇಳಲು ಬಾಯಿ ತೆರೆದೆ, ಅಳು ಬಂತು. ಆಕೆ ನನ್ನ ಮಂಡಿ ಮೇಲೆ ಕೈ ಇಟ್ಟರು.

ಅವತ್ತು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ನಮ್ಮ ಮನೆಯ ಹಾಲಿನ ಗೋಡೆಗೆ ಒಂದು ಪುಸ್ತಕದ ಕಪಾಟು ಇದೆ. ಕಾಯಿಲೆಯ ಆ ದಿನಗಳಲ್ಲಿ ಅದರ ಮುಂದೆ ಹೋಗಿ ನಿಲ್ಲುತ್ತಿದ್ದೆ. ಹೆಸರು ಓದಲು ಬರದಿದ್ದರೂ ಯಾವುದು ಯಾವ ಪುಸ್ತಕ ಎಂದು ಗೊತ್ತಿತ್ತು. ಬೆನ್ನು ಹರಿದದ್ದು, ಎಣ್ಣೆ ಕಲೆಯಾದದ್ದು, ಅನು ಹುಟ್ಟಿದಾಗ ಆಸ್ಪತ್ರೆಯ ದಿಂಬಿನ ಕೆಳಗಿದ್ದದ್ದು. ಗುರುತಿನವರ ಮನೆಗೆ ಹೋಗಿ ಕದ ತಟ್ಟಿದರೆ, ಒಳಗೆ ದೀಪ ಉರಿಯುತ್ತಿದ್ದೂ ಯಾರೂ ತೆಗೆಯದ ಹಾಗೆ ಆಗುತ್ತಿತ್ತು.

ಅದರಲ್ಲಿ ಎಲ್ಲಕ್ಕಿಂತ ಹಳೆಯದು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಪುರಾಣ. ಅದು ಅಪ್ಪನದು. ಅಪ್ಪನಿಗೆ ಓದು ಬರೆಹ ಬರುತ್ತಿರಲಿಲ್ಲ. ನಮ್ಮೂರಲ್ಲಿ ಶ್ರಾವಣದ ಸಂಜೆಗಳಲ್ಲಿ ಈಶ್ವರನ ಗುಡಿಯ ಅಂಗಳದಲ್ಲಿ ಪುರಾಣ ಓದಿಸುತ್ತಿದ್ದರು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯವನ್ನು ರಾಗವಾಗಿ ಓದುವವರು, ಇನ್ನೊಬ್ಬರು ಅದಕ್ಕೆ ಅರ್ಥ ಹೇಳುವವರು. ಕೇಳಿ ಕೇಳಿಯೇ ಅಪ್ಪ ಅರ್ಥ ಹೇಳುವವನಾಗಿದ್ದ. ಓದುತ್ತಿದ್ದ ಅಯ್ಯನವರು ತೀರಿಕೊಂಡ ವರ್ಷ, ಬೇರೆ ಯಾರೂ ಸಿಗದೆ, ಲಂಗ ಹಾಕಿಕೊಂಡಿದ್ದ ನನ್ನನ್ನು ಎತ್ತಿ ಮಣೆಯ ಮೇಲೆ ಕೂರಿಸಿದರು. ನಡುಗನ್ನಡದ ಆ ಪದಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಗಾಬರಿಯಲ್ಲಿ ನಾನು ಓಡಿಸಿಕೊಂಡು ಹೋಗುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ, "ನಿಧಾನ ಮಗಾ, ಪದ ಬಿಡಿಸಿ ಓದು. ನಾನು ಹಿಂದೆ ಬರ್ಬೇಕಲ್ಲ."

ಓದುವುದು ಎಂದರೆ ನನಗೆ ಅದೇ. ಯಾರೋ ಒಬ್ಬರು ಹಿಂದೆ ಬರುತ್ತಿದ್ದಾರೆ ಎನ್ನುವ ಧೈರ್ಯ. ಆಮೇಲೆ ಒಬ್ಬಳೇ ಓದಲು ಕಲಿತೆ. ಕುಣಿಗಲ್ಲಿನ ಲೈಬ್ರರಿಯಲ್ಲಿ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡುವಾಗ ಒಂದು ಕಾದಂಬರಿ ಕೈಗೆ ಬಂತು. ರಟ್ಟಿಲ್ಲ, ಹೆಸರಿಲ್ಲ, ಕೊನೆಯ ಹಾಳೆಗಳೂ ಇಲ್ಲ. ಒಬ್ಬ ವಿಧವೆ ತನ್ನ ಪಾಲಿನ ಹೊಲಕ್ಕಾಗಿ ಮೈದುನನ ಮೇಲೆ ಕೋರ್ಟಿಗೆ ಹೋಗುವ ಕಥೆ. ತೀರ್ಪಿನ ದಿನ ಅವಳು ಕೋರ್ಟಿನ ಮೆಟ್ಟಿಲು ಹತ್ತುತ್ತಾಳೆ, ಅಲ್ಲಿಗೆ ಪುಸ್ತಕ ಹರಿದಿದೆ. ಪಿಯುಸಿ ಓದುತ್ತಿದ್ದ ನಾನು ಆ ಮೆಟ್ಟಿಲ ಮೇಲೆ ಎಷ್ಟು ದಿನ ನಿಂತಿದ್ದೆನೋ. ಅವಳು ಗೆದ್ದಳು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಮದುವೆ ಮುಂದಕ್ಕೆ ಹಾಕಿ ಬಿ.ಎಡ್. ಮಾಡುತ್ತೇನೆ ಎಂದು ಅಪ್ಪನ ಮುಂದೆ ನಿಂತಾಗ, ನನ್ನ ಕಾಲುಗಳಲ್ಲಿ ಇದ್ದದ್ದು ಅವಳ ಧೈರ್ಯ. ಈಗ ಹೇಳಿ, ಓದು ಹೋದರೆ ಏನು ಸಂಕಟ ಎಂದರೆ ಏನೆಂದು ಹೇಳಲಿ?

ಒಂದು ದಿನ ಥೆರಪಿ ಮುಗಿಸಿ, ಅನು ಜೊತೆ ಆಟೋದಲ್ಲಿ ಮನೆಗೆ ಬಂದೆ. ಕಪಾಟು ಖಾಲಿ.

ಯಜಮಾನರು ಕೊಬ್ಬರಿ ಚೀಲಗಳಲ್ಲಿ ಪುಸ್ತಕಗಳನ್ನು ತುಂಬಿ, ಬಾಯಿ ಹೊಲಿದು, ಅಟ್ಟಕ್ಕೆ ಏರಿಸಿದ್ದರು. ಅತ್ತೆ ಖಾಲಿ ಕಪಾಟಿನಲ್ಲಿ ಸ್ಟೀಲ್ ಡಬ್ಬಿಗಳನ್ನು ಜೋಡಿಸುತ್ತಿದ್ದರು.

"ನನ್ನ ತಿಥೀನೂ ಮಾಡಿ ಮುಗಿಸಿಬಿಟ್ರಾ?" ಎಂದೆ. ಅಷ್ಟು ಜೋರಾಗಿ ಆ ಮನೆಯಲ್ಲಿ ನಾನು ಎಂದೂ ಮಾತಾಡಿರಲಿಲ್ಲ.

"ಕಣ್ಮುಂದೆ ಇದ್ರೆ ತಾನೆ ಸಂಕಟ ಅಂತ ನಾನೇ ಹೇಳ್ದೆ," ಎಂದರು ಅತ್ತೆ. "ಅವ್ನನ್ನ ಬೈಬೇಡ."

ಯಜಮಾನರು ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಕೆಲಸದ ಸೂಪರ್‌ವೈಸರು. ಕೆಟ್ಟದ್ದು ಕಂಡರೆ ಮೊದಲು ಕರೆಂಟ್ ತೆಗೆಯಬೇಕು ಎನ್ನುವ ಜಾತಿ. ಅವರು ನೆಲ ನೋಡುತ್ತಾ ಹೇಳಿದರು, "ನೀನು ದಿನಾ ಅದ್ರ ಮುಂದೆ ನಿಂತ್ಕೊಂಡು ಅಳೋದು ನಂಗೆ ನೋಡಕ್ಕಾಗಲ್ಲ ಕಣೇ. ಏನು ಮಾಡ್ಲಿ ಹೇಳು. ಏನಾದ್ರೂ ಒಂದು ಮಾಡ್ಬೇಕಲ್ಲ."

ನನಗೆ ಸಿಟ್ಟು ಇಳಿಯಲಿಲ್ಲ. ಸಿಟ್ಟಿಗಿಂತ ಸುಸ್ತು ಹೆಚ್ಚಾಗಿತ್ತು. ಈ ಕಾಯಿಲೆಯ ಸುಸ್ತಿನ ಬಗ್ಗೆ ಯಾರೂ ಹೇಳುವುದಿಲ್ಲ. ಹೊಲ ಉತ್ತವರಿಗೆ ಬರುವಂಥ ಸುಸ್ತಲ್ಲ, ಮಲಗಿ ಎದ್ದರೂ ಹೋಗುವುದಿಲ್ಲ. ರೂಮಿಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದೆ.

ಸಂಜೆ ಯಜಮಾನರು ಬಂದು ಮಂಚದ ತುದಿಯಲ್ಲಿ ಕೂತರು. ಕೈಯಲ್ಲಿ ಒಂದು ಪುಸ್ತಕ. ಅಟ್ಟ ಹತ್ತಿ, ಮೊದಲು ಸಿಕ್ಕ ಚೀಲದ ಬಾಯಿ ಬಿಚ್ಚಿ, ಮೊದಲು ಸಿಕ್ಕಿದ್ದನ್ನು ತಂದಿದ್ದರು. ಮುಟ್ಟಿದ ತಕ್ಷಣ ತಿಳಿಯಿತು, ರಟ್ಟಿಲ್ಲದ ಆ ಕಾದಂಬರಿ. ಅವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ನಮ್ಮವರು ಪೇಪರಿನಲ್ಲಿ ಕ್ರಿಕೆಟ್ ಪುಟ ಬಿಟ್ಟು ಬೇರೆ ಓದಿದ್ದನ್ನು ನಾನು ಕಂಡಿಲ್ಲ. ಫ್ಯಾಕ್ಟರಿಯ ಸೇಫ್ಟಿ ನೋಟಿಸ್ ಓದುವ ದನಿಯಲ್ಲಿ, ಅಲ್ಪವಿರಾಮ ಪೂರ್ಣವಿರಾಮ ಒಂದನ್ನೂ ಲೆಕ್ಕಿಸದೆ ಓದಿದರು. ವಿಧವೆಯ ಅಳುವಿಗೂ ಮೈದುನನ ಗದರಿಕೆಗೂ ಒಂದೇ ರಾಗ. ನನಗೆ ಕಿವಿ ಮುಚ್ಚಿಕೊಳ್ಳೋಣ ಅನ್ನಿಸಿತು. ಅಷ್ಟರಲ್ಲಿ ಅವರು ನಿಲ್ಲಿಸಿದರು.

"ಜೀವನಾಂಶ ಅಂದ್ರೆ ಏನೇ? ಜಮೀನಾ, ದುಡ್ಡಾ?"

ಹೇಳಿದೆ. ಇನ್ನೊಂದು ಪುಟ ಓದಿ ಮತ್ತೆ ನಿಂತರು. "ಇವ್ಳು ಯಾಕೆ ಅವನ ಮನೇಲಿ ನೀರು ಕುಡೀಲಿಲ್ಲ?" ಅದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಎದ್ದು ಕೂತಿದ್ದೆ. ನನಗೇ ಗೊತ್ತಿಲ್ಲದೆ ಕಣ್ಣು ಮುಚ್ಚಿಕೊಂಡಿದ್ದೆ.

ದಿನಾ ಸಂಜೆ ಫ್ಯಾಕ್ಟರಿಯಿಂದ ಬಂದು, ಕಾಫಿ ಕುಡಿದು ಓದುತ್ತಿದ್ದರು. ಬಾಗಿಲ ಹತ್ತಿರ ಅವರೆಕಾಯಿ ಬಿಡಿಸುವ ನೆಪದಲ್ಲಿ ಅತ್ತೆಯೂ ಕೂರುತ್ತಿದ್ದರು. ಕೊನೆಗೆ ಒಂದು ಸಂಜೆ ಕೋರ್ಟಿನ ಮೆಟ್ಟಿಲು ಬಂತು. ಯಜಮಾನರು ಹಾಳೆ ತಿರುಗಿಸಿದರು. ಪುಸ್ತಕವನ್ನು ತಲೆಕೆಳಗು ಮಾಡಿ ನೋಡಿದರು.

"ಏನೇ ಇದು! ಕೊನೇನೇ ಇಲ್ವಲ್ಲ! ತೀರ್ಪು ಏನಾಯ್ತು?"

"ಗೆದ್ದಳು," ಎಂದೆ.

"ನಿಂಗೆ ಹೆಂಗೊತ್ತು?"

"ನಾನೇ ಗೆಲ್ಲಿಸಿದೆ."

"ಅದೆಲ್ಲ ಆಗಲ್ಲ. ಸಾಕ್ಷೀನೇ ಇಲ್ಲ ಅವಳ ಕಡೆಗೆ. ನಾನು ಒಪ್ಪಲ್ಲ ಬುಡು," ಎಂದರು. ಅತ್ತೆ ಬಾಗಿಲಿಂದಲೇ ಗದರಿದರು, "ಸುಮ್ಕಿರ್ಲಾ, ಗೆದ್ದಿರ್ತಾಳೆ. ಅಂಥೋಳು ಗೆಲ್ದೆ ಇನ್ಯಾರು ಗೆಲ್ತಾರೆ?" ತಾಯಿ ಮಗ ಊಟದ ತನಕ ಜಗಳವಾಡಿದರು. ಕಾಯಿಲೆ ಬಂದ ಮೇಲೆ ನಾನು ಹೊಟ್ಟೆ ತುಂಬ ಉಂಡದ್ದು ಅವತ್ತೇ. ಮಾರನೆಯ ದಿನ ಡಬ್ಬಿಗಳು ಅಡುಗೆಮನೆಗೆ ಹೋದವು, ಚೀಲಗಳು ಅಟ್ಟದಿಂದ ಇಳಿದವು.

ಥೆರಪಿಯ ಹುಡುಗಿ ಹೇಳಿಕೊಟ್ಟದ್ದು ಒಂದೇ ಉಪಾಯ. "ಕಣ್ಣಲ್ಲಿ ಓದ್ಬೇಡಿ ಮೇಡಂ, ಬೆರಳಲ್ಲಿ ಓದಿ." ಅಕ್ಷರದ ಮೇಲೆ ಬೆರಳು ಓಡಿಸಿದರೆ, ಬರೆಯಲು ಗೊತ್ತಿರುವ ಕೈ ಅದು ಯಾವುದೆಂದು ಹೇಳುತ್ತದೆ. ಹಾಳೆಯ ಮೇಲೆ ಬೆರಳು ಜಾರುತ್ತದೆ ಎಂದು ನಾನು ಗೊಣಗಿದ್ದನ್ನು ಕೇಳಿ, ಅತ್ತೆ ಒಂದು ಪರಾತದಲ್ಲಿ ರಾಗಿ ಹಿಟ್ಟು ಹರಡಿ ತಂದಿಟ್ಟರು. "ನಿನ್ನ ಅಕ್ಷರಾಭ್ಯಾಸ ಅಕ್ಕೀಲಿ ಆಗಿರ್ತದೆ. ಇದು ಎರಡ್ನೇದು, ಹಿಟ್ನಲ್ಲಿ ಆಗ್ಲಿ. ಚೆಲ್ಬೇಡ, ಸಂಜೆ ಮುದ್ದೆಗೆ ಬೇಕು." ಪುಸ್ತಕ ನೋಡಿ ಹಿಟ್ಟಿನಲ್ಲಿ ತೀಡುತ್ತಿದ್ದೆ. ಕ ಬಂತು. ಮ ಬಂತು. ಷ ಮತ್ತು ಪ ಬಹಳ ಕಾಡಿದವು. ಅಷ್ಟು ತಿಂಗಳೂ ನಮ್ಮ ಮನೆಯವರು ಸಾರಿನ ಜೊತೆ ನನ್ನ ವರ್ಣಮಾಲೆಯನ್ನೇ ಮುದ್ದೆ ಮಾಡಿ ನುಂಗಿದ್ದಾರೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಕ್ಷರ ಅಕ್ಷರ ತೀಡಿ ಒಂದು ಪದ, ಪದ ಪದ ಕೂಡಿಸಿ ಒಂದು ಸಾಲು. ಸಾಲಿನ ಕೊನೆಗೆ ಬರುವ ಹೊತ್ತಿಗೆ ಮೊದಲ ಪದ ಮರೆತಿರುತ್ತದೆ, ತಲೆ ಭಾರವಾಗಿ ಮಲಗಬೇಕಾಗುತ್ತದೆ. ಇದಕ್ಕಿಂತ ಹೆಚ್ಚು ಬರುವುದು ಕಷ್ಟ ಎಂದು ಡಾಕ್ಟರು ಕೊನೆಗೂ ನೇರವಾಗಿ ಹೇಳಿದರು. ಆ ಮಾತಿಗೆ ನಾನು ಅವರಿಗೆ ಋಣಿ. ಬಸ್ಸಿನ ಕಿಟಕಿ ಪಕ್ಕ ಕೂತು, ಊರುಗಳು ಹಿಂದೆ ಹೋದದ್ದೇ ತಿಳಿಯದೆ ಓದುತ್ತಿದ್ದ ಆ ಹೆಂಗಸು ಇನ್ನು ಬರುವುದಿಲ್ಲ. ಅವಳಿಗಾಗಿ ನಾನು ಇವತ್ತಿಗೂ ಅಳುತ್ತೇನೆ. ಶಾಲೆಗೆ ಮತ್ತೆ ಹೋಗುತ್ತಿದ್ದೇನೆ, ಮಕ್ಕಳು ಸರದಿಯಲ್ಲಿ ಪಾಠ ಓದುತ್ತಾರೆ, ಉತ್ತರಪತ್ರಿಕೆಗಳನ್ನು ಸಹೋದ್ಯೋಗಿಗಳು ತಿದ್ದಿಕೊಡುತ್ತಾರೆ. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ.

ಆಷಾಢದಲ್ಲಿ ಅಣ್ಣನ ಫೋನು ಬಂತು. ಊರಲ್ಲಿ ಅಪ್ಪ ತೀರಿಕೊಂಡ ಮೇಲೆ ನಿಂತುಹೋಗಿದ್ದ ಪುರಾಣವನ್ನು ಈ ಶ್ರಾವಣದಲ್ಲಿ ಮತ್ತೆ ಶುರು ಮಾಡುತ್ತಾರಂತೆ.

"ಪುಸ್ತಕ ನಿನ್ ಹತ್ರಾನೇ ಐತಲ್ಲ, ತಗಂಬಾ. ಓದಕ್ಕೆ ನೀನೇ ಬರ್ಬೇಕು ಕಣೇ ಶಶಿ. ಊರೋರೆಲ್ಲ ನಿನ್ ಹೆಸರೇ ಹೇಳ್ತಾವ್ರೆ. ಅರ್ಥ ಹೇಳೋರನ್ನ ಎಲ್ಲಿಂದಾದ್ರೂ ಕರೆಸ್ತೀವಿ."

ಹುಷಾರಿಲ್ಲ, ರಜೆ ಸಿಗುವುದಿಲ್ಲ ಎಂದೆ. ಅವನು ಬಿಡಲಿಲ್ಲ. ಕೊನೆಗೆ ಹೇಳಿಬಿಟ್ಟೆ. "ಅಣ್ಣ, ನಂಗೆ ಓದಕ್ಕೆ ಬರಲ್ಲ. ಆವತ್ತು ಸ್ಟ್ರೋಕ್ ಆಯ್ತಲ್ಲ, ಅದ್ರಲ್ಲಿ ಓದು ಹೋಯ್ತು. ನಿನ್ ಹತ್ರ ಹೇಳಿರ್ಲಿಲ್ಲ."

ಅಣ್ಣ ಮೆಲ್ಲಗೆ ಕೇಳಿದ.

"ಅಪ್ಪಂಗೂ ಬರ್ತಿರ್ಲಿಲ್ವಲ್ಲೇ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಅರ್ಥ ನೀನು ಹೇಳು," ಎಂದ. "ಓದೋರನ್ನ ಹುಡುಕ್ತೀನಿ."

"ಹುಡುಕಬೇಡ ಅಂತ ಹೇಳು," ಎಂದರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ ನಮ್ಮ ಯಜಮಾನರು. ಹೇಳಿದ ಮೇಲೆ ಅವರ ಮುಖ ಬಿಳಿಚಿಕೊಂಡಿತು. ಆ ಆಷಾಢವೆಲ್ಲ ನಮ್ಮ ಮನೆಯಲ್ಲಿ ಷಟ್ಪದಿಯ ಯುದ್ಧ. ಎಲ್ಲಿ ಪದ ಬಿಡಿಸಬೇಕೋ ಅಲ್ಲಿ ಅಂಟಿಸಿ, ಎಲ್ಲಿ ಅಂಟಿಸಬೇಕೋ ಅಲ್ಲಿ ಬಿಡಿಸಿ ಓದುತ್ತಿದ್ದರು ಅವರು. ಫ್ಯಾಕ್ಟರಿ ಬಸ್ಸಿನಲ್ಲಿ ಗುನುಗಿಕೊಳ್ಳುತ್ತಿದ್ದರಂತೆ, ಜೊತೆಯವರು ನಗುತ್ತಿದ್ದರಂತೆ.

ಶ್ರಾವಣದ ಮೊದಲ ಸೋಮವಾರ ಊರಿಗೆ ಹೋದೆವು. ಗುಡಿಯ ಅಂಗಳದಲ್ಲಿ ಜಮಖಾನ ಹಾಸಿದ್ದರು. ಇನ್ನೂ ಬೆಳಕಿತ್ತು, ಹೆಂಗಸರು ಕೆಲಸ ಮುಗಿಸಿ ಬಂದು ಕೂರುತ್ತಿದ್ದರು. ನಮ್ಮವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಪಂಚೆಯನ್ನು ಮತ್ತೆ ಮತ್ತೆ ಸರಿಮಾಡಿಕೊಂಡು ನನ್ನ ಬಲಕ್ಕೆ ಕೂತರು. ಬಲಗಡೆ ನನಗೆ ಕಾಣುವುದಿಲ್ಲ, ಆ ಕಡೆ ತಾವಿರಬೇಕು ಎಂದೇ ಅಲ್ಲಿ ಕೂತದ್ದು. ಮುದುಕರಾಗಿದ್ದ ಪೂಜಾರಿ ಕೆಂಪು ಬಟ್ಟೆ ಬಿಚ್ಚಿ, ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು, ಹಿಂದಿನ ರೂಢಿಯಲ್ಲೇ ನನ್ನ ಕೈಗೆ ಕೊಟ್ಟರು. ಅಣ್ಣ ಏನೋ ಹೇಳಲು ಏಳುವುದರಲ್ಲಿದ್ದ. ನಾನು ಬೇಡ ಎಂದು ಕೈ ಮಾಡಿದೆ.

ಪುಟ ತೆರೆದೆ. ಮೊದಲ ಅಕ್ಷರದ ಮೇಲೆ ಬೆರಳಿಟ್ಟೆ. ತೀಡಿದೆ. ಎರಡನೆಯದು. ಮೂರನೆಯದು. ಬಾಯಿಪಾಠ ಇದ್ದ ಪದ್ಯವೇ ಅದು, ಬೇಕಿದ್ದರೆ ಕಣ್ಣು ಮುಚ್ಚಿ ಹೇಳಿಬಿಡಬಹುದಿತ್ತು. ಬೇಕಿರಲಿಲ್ಲ. ಒಂದು ಪದ ಕೂಡಿತು, ಬಾಯಿ ಬಿಟ್ಟು ಹೇಳಿದೆ. ಇನ್ನೊಂದು ಪದ. ಕಂಕುಳಲ್ಲಿ ಬೆವರು ಇಳಿಯಿತು. ನನ್ನ ಬೆರಳಿನ ಹಿಂದೆಯೇ ಅಂಗಳದ ಅಷ್ಟೂ ಜನ ಬರುತ್ತಿದ್ದರು. ಒಂದು ಸಾಲು ಮುಗಿಯಿತು. ಅಷ್ಟೇ ನನ್ನ ಶಕ್ತಿ.

ಪುಸ್ತಕವನ್ನು ಬಲಕ್ಕೆ ಸರಿಸಿ, ಕಣ್ಣು ಮುಚ್ಚಿಕೊಂಡೆ.

"ಇನ್ನು ನೀವು ಓದ್ರೀ," ಎಂದೆ. "ನಿಧಾನ. ನಾನು ಹಿಂದೆ ಬರ್ಬೇಕಲ್ಲ."